ಮಲೆನಾಡು-ಕೊಡಗಿನ ಹೋಮ್‌ಸ್ಟೇ, ಸಣ್ಣ ರೆಸಾರ್ಟ್‌ಗಳನ್ನ ಪರಿಸರಕ್ಕೆ ಹೊರೆ ಆಗದ ಹಾಗೆ ನಡೆಸೋದು ಹೇಗೆ: ಹಂತ ಹಂತವಾಗಿ ಪೂರ್ತಿ ಮಾಹಿತಿ

ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಕಡೆ ಹೋಮ್‌ಸ್ಟೇ ಇಟ್ಕೊಂಡಿರೋರು, ಸಣ್ಣ ರೆಸಾರ್ಟ್ ನಡೆಸೋರು, ಅವರ ಜೊತೆ ಕೂತು ಇದನ್ನೆಲ್ಲ ಸರಿ ಮಾಡ್ಸೋಣ ಅಂತ ಹೊರಟಿರೋ ಸಂಘದೋರು, ಪಂಚಾಯಿತಿ ಮೆಂಬರ್‌ಗಳು, ಊರಿನ ಹುಡುಗ್ರು, ಇಷ್ಟು ಜನಕ್ಕೂ ಉಪಯೋಗ ಆಗ್ಲಿ ಅಂತ ಇದನ್ನ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಒಂದೇ ಸಲಕ್ಕೆ ಓದಿ ಮುಗಿಸ್ಬೇಕು ಅಂತೇನಿಲ್ಲ, ನಿಮ್ಮ ಜಾಗಕ್ಕೆ ಯಾವ್ದು ಅರ್ಜೆಂಟೋ ಆ ಹಂತ ಮೊದಲು ನೋಡಿ.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ. ಬಹಳ ಕಡೆ "ಇಕೋ ಫ್ರೆಂಡ್ಲಿ" ಅಂದ್ರೆ ಬಿದಿರಿನ ಕುರ್ಚಿ, ಮಣ್ಣಿನ ಲೋಟ, ಬಾತ್‌ರೂಮಲ್ಲಿ "ನೀರು ಉಳಿಸಿ" ಅಂತ ಒಂದು ಸ್ಟಿಕ್ಕರ್, ಅಲ್ಲಿಗೆ ಮುಗೀತು. ನಾನು ಒಂದು ಜಾಗ ನಿಜವಾಗ್ಲೂ ಹೇಗಿದೆ ಅಂತ ನೋಡೋದು ಅದರ ಹಿಂಭಾಗಕ್ಕೆ ಹೋಗಿ. ಬಚ್ಚಲ ಪೈಪು ಎಲ್ಲಿಗೆ ಹೋಗುತ್ತೆ, ಅಡಿಗೆ ಮನೆ ಸಿಂಕಿನ ನೀರು ಎಲ್ಲಿ ಬೀಳುತ್ತೆ, ಕಸ ಎಲ್ಲಿ ಸುಡ್ತಾರೆ. ಕೊಡಗಲ್ಲಿ ಹೆಚ್ಚಿನ ಕಡೆ ನೀವು ಹೊರಗೆ ಬಿಟ್ಟಿದ್ದು ತೋಡಿಗೆ (ಸಣ್ಣ ಹಳ್ಳಕ್ಕೆ), ತೋಡಿಂದ ಹೊಳೆಗೆ, ಹೊಳೆಯಿಂದ ಕಾವೇರಿಗೆ ಸೇರುತ್ತೆ. ಕೆಳಗಿನ ತೋಟದೋರು ಕುಡಿಯೋ ನೀರೂ ಅದೇ, ಕುಶಾಲನಗರ ದಾಟಿ ಮೈಸೂರು, ಬೆಂಗಳೂರಿಗೆ ಹೋಗೋದೂ ಅದೇ. ಹಾಗಾಗಿ ಕೆಲಸ ಪೈಪಿಂದ ಶುರು ಮಾಡೋಣ, ಬೋರ್ಡು ಕೊನೆಗೆ.

ಹಂತ 1: ಮೊದಲು ಯಾರ ಜೊತೆ ಮಾತಾಡ್ಬೇಕು

ನೀವು ಸಹಾಯ ಮಾಡೋಕೆ ಹೋಗಿರೋರಾದ್ರೆ ಮಾಲೀಕರ ಜೊತೆ ಕಾಫಿ ಕುಡಿದು ಅರ್ಧ ಗಂಟೆ ಮಾತಾಡಿ ವಾಪಸ್ ಬರಬೇಡಿ. ರೂಮ್ ಕ್ಲೀನ್ ಮಾಡೋ ಅಕ್ಕ, ಅಡಿಗೆಯವರು, ಮೋಟಾರ್ ಹಾಕೋ ಹುಡುಗ, ಇವರಿಗೆ ಗೊತ್ತಿರೋವಷ್ಟು ಮಾಲೀಕರಿಗೂ ಗೊತ್ತಿರಲ್ಲ. ಯಾವ ರೂಮಿನ ಫ್ಲಶ್ ಸೋರುತ್ತೆ, ಶನಿವಾರ ರಾತ್ರಿ ಎಷ್ಟು ಅನ್ನ ಬಿಸಾಕ್ತಾರೆ, ಬಾಟಲಿ ಎಲ್ಲಿ ರಾಶಿ ಬಿದ್ದಿದೆ, ಎಲ್ಲ ಅವರ ಬಾಯಲ್ಲೇ ಇರುತ್ತೆ. ಅವರ ಜೊತೆ ಒಂದು ಸುತ್ತು ನಡೀರಿ. "ಅಕ್ಕಾ, ಇಲ್ಲಿ ನಿಮಗೆ ಜಾಸ್ತಿ ತೊಂದ್ರೆ ಕೊಡೋದು ಯಾವ ಕೆಲಸ?" ಅಂತ ಕೇಳಿ ನೋಡಿ, ಹತ್ತರಲ್ಲಿ ಎಂಟು ಸಲ ಅವರು ತೋರ್ಸೋ ಜಾಗದಲ್ಲೇ ನೀರೋ ಕಸವೋ ಪೋಲಾಗ್ತಾ ಇರುತ್ತೆ.

ಮಾಲೀಕರ ಹತ್ರ ಮಾತಾಡುವಾಗ ಭೂಮಿ ಉಳಿಸೋ ಭಾಷಣ ಬೇಡ. ಅವರು ಕಾಫಿ ರೇಟು, ಕೂಲಿ, ಗ್ಯಾಸು, ಕರೆಂಟ್ ಬಿಲ್ಲು, ಫೆಬ್ರವರಿಯಲ್ಲಿ ಬತ್ತೋ ಬಾವಿ, ಇದರ ಮಧ್ಯೆ ಬದುಕ್ತಾ ಇರೋರು. ಬಾವಿ ಬತ್ತಿ ಟ್ಯಾಂಕರ್ ತರಿಸೋ ಖರ್ಚು ಎಷ್ಟು ಅಂತ ಅವರ ಬಾಯಿಂದಲೇ ಹೇಳಿಸಿ, ಮಾತು ಅಲ್ಲಿಂದ ಮುಂದಕ್ಕೆ ತನ್ನಷ್ಟಕ್ಕೆ ಹೋಗುತ್ತೆ. ನಲವತ್ತು ಪೇಜಿನ ಚೆಕ್‌ಲಿಸ್ಟ್ ಕೈಗೆ ಕೊಟ್ರೆ ಅದು ಡ್ರಾಯರ್ ಸೇರುತ್ತೆ. ಒಂದು ಸೀಸನ್‌ಗೆ ಮೂರು ಕೆಲಸ ಒಪ್ಪಿಸಿ, ಸಾಕು.

ಹಂತ 2: ಅಳತೆ ಮಾಡಿ

ಅಳತೆ ಮಾಡದೆ ಏನೂ ಶುರು ಮಾಡ್ಬೇಡಿ, ಯಾಕಂದ್ರೆ ಆರು ತಿಂಗಳು ಬಿಟ್ಟು "ಏನು ಉಳೀತು" ಅಂತ ಮಾಲೀಕರು ಕೇಳಿದಾಗ ನಿಮ್ಮ ಹತ್ರ ಉತ್ತರ ಇರಲ್ಲ. ಮೀಟರ್ ಇಲ್ಲದೇ ಇದ್ರೂ ನೀರು ಅಳೆಯೋಕೆ ಬರುತ್ತೆ. 20 ಲೀಟರಿನ ಬಕೆಟ್ ತಗೊಂಡು ಮೋಟಾರ್ ಪೈಪ್ ಕೆಳಗಿಟ್ಟು ಮೊಬೈಲಲ್ಲಿ ಟೈಮ್ ನೋಡಿ. 15 ಸೆಕೆಂಡಲ್ಲಿ ತುಂಬಿದ್ರೆ ನಿಮಿಷಕ್ಕೆ 80 ಲೀಟರ್. ಮೋಟಾರ್ ದಿನಕ್ಕೆ ಒಂದು ಗಂಟೆ ಓಡಿದ್ರೆ 4,800 ಲೀಟರ್ ಆಯ್ತು. ಇಷ್ಟೇ. ಮೋಟಾರ್ ಸ್ವಿಚ್ ಪಕ್ಕ ಒಂದು ನೋಟ್‌ಬುಕ್ ದಾರ ಕಟ್ಟಿ ನೇತಾಕಿ, ಹಾಕಿದ ಟೈಮು, ಆಫ್ ಮಾಡಿದ ಟೈಮು, ಆ ದಿನ ಎಷ್ಟು ಜನ ಗೆಸ್ಟ್, ಮೂರೇ ಕಾಲಮ್. ಒಂದು ತಿಂಗಳು ಬರೆದ್ರೆ ಒಬ್ಬ ಗೆಸ್ಟಿಗೆ ಎಷ್ಟು ಲೀಟರ್ ಹೋಗುತ್ತೆ ಅಂತ ಗೊತ್ತಾಗುತ್ತೆ. ಆ ನಂಬರ್ ನೋಡಿದ ಮಾಲೀಕರ ಮುಖವೇ ಬದಲಾಗುತ್ತೆ.

ಕರೆಂಟಿಗೆ ತಿಂಗಳ ಬಿಲ್ ಸಾಕು, ಗ್ಯಾಸಿಗೆ ಸಿಲಿಂಡರ್ ಬದಲಾಯಿಸಿದ ತಾರೀಖು. ಕಸಕ್ಕೆ ಒಂದು ವಾರ ಮಾತ್ರ ತೂಕ ಮಾಡಿ, ಹಸಿ ಕಸ, ಒಣ ಕಸ, ಬಾಟಲಿ ಬೇರೆ ಬೇರೆ. ಅಳೆಯುವಾಗ ಒಂದು ವೀಕೆಂಡ್ ಅದರಲ್ಲಿ ಬರಲೇಬೇಕು, ಮಲೆನಾಡಲ್ಲಿ ಮಂಗಳವಾರದ ಲೆಕ್ಕ ಇಟ್ಕೊಂಡು ಶನಿವಾರದ ಸ್ಥಿತಿ ಹೇಳೋಕಾಗಲ್ಲ.

ಹಂತ 3: ನೀರು ಒಳಗೆ ಬರೋ ಕಡೆ

ಹೊರಗಿನೋರಿಗೆ ಆಶ್ಚರ್ಯ ಆಗುತ್ತೆ, ಇಷ್ಟು ಮಳೆ ಬೀಳೋ ಊರಲ್ಲಿ ನೀರಿನ ಚಿಂತೆ ಏನು ಅಂತ. ಮಳೆ ಹೆಚ್ಚುಕಮ್ಮಿ ನಾಲ್ಕು ತಿಂಗಳಲ್ಲಿ ಬಂದು ಹೋಗ್ಬಿಡುತ್ತೆ. ಫೆಬ್ರವರಿ-ಮಾರ್ಚಲ್ಲಿ ಹೂಮಳೆ (ಕಾಫಿ ಹೂವು ಅರಳಿಸೋ ಮಳೆ) ಬರದೇ ಇದ್ರೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕ್ಲೇಬೇಕು, ಇಲ್ಲಾಂದ್ರೆ ರೋಬಸ್ಟಾ ಕಾಫಿ ಹೂವು ಬಿಡಲ್ಲ. ಅದೇ ಟೈಮಿಗೆ ತೋಡು, ಕೆರೆ ಎರಡೂ ತಳ ಕಾಣ್ತಾ ಇರುತ್ತೆ, ಅದೇ ಟೈಮಿಗೆ ಶಿವರಾತ್ರಿ ರಜೆ, ಪರೀಕ್ಷೆ ಮುಗಿಸಿದ ಮಕ್ಕಳು ಅಂತ ಗೆಸ್ಟೂ ಬರ್ತಾರೆ. ಒಂದೇ ಕೆರೆ, ಒಂದು ಕಡೆ ಕಾಫಿ, ಇನ್ನೊಂದು ಕಡೆ ಶವರು. ಈ ಜಗಳ ಗೊತ್ತಿಲ್ಲದೆ ಮಲೆನಾಡಿನ ಹೋಮ್‌ಸ್ಟೇಗೆ ಸಲಹೆ ಕೊಡೋಕೆ ಹೋಗ್ಬಾರ್ದು.

ಮೊದಲು ಸೋರಿಕೆ. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಅಡಿಗೆ ಬಣ್ಣ ಹಾಕಿ, ಇಪ್ಪತ್ತು ನಿಮಿಷ ಯಾರೂ ಫ್ಲಶ್ ಮಾಡ್ದೇ ಇರ್ಲಿ, ಆಮೇಲೆ ಕಮೋಡಲ್ಲಿ ಬಣ್ಣ ಕಂಡ್ರೆ ಒಳಗಿನ ವಾಷರ್ ಹೋಗಿದೆ ಅಂತ ಅರ್ಥ. ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿಯೋದಾದ್ರೆ ಬಾಲ್ ವಾಲ್ವ್ ಹಾಕಿ, ಇಲ್ಲಾ ಟ್ಯಾಂಕ್ ತುಂಬಿದ ಕೂಡ್ಲೇ ಮೋಟಾರ್ ಆಫ್ ಮಾಡೋ ಆಟೋಮ್ಯಾಟಿಕ್ ಸ್ವಿಚ್.

ಎರಡನೇದು ನಲ್ಲಿ, ಶವರು. ಸಾಮಾನ್ಯ ಶವರ್ ನಿಮಿಷಕ್ಕೆ 10ರಿಂದ 15 ಲೀಟರ್ ಸುರಿಸುತ್ತೆ. ಹತ್ತು ನಿಮಿಷ ನಿಂತ್ರೆ ನೂರು ಲೀಟರ್ ದಾಟ್ತು. ಕಡಿಮೆ ನೀರಿನ ಶವರ್ ಹೆಡ್ ಹಾಕಿದ್ರೆ ಅದರ ಅರ್ಧ ಆಗುತ್ತೆ, ಗೆಸ್ಟಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯೋದೂ ಇಲ್ಲ. ವಾಷ್ ಬೇಸಿನ್ ನಲ್ಲಿ ಬಾಯಿಗೆ ಏರೇಟರ್ ಅಂತ ಒಂದು ಸಣ್ಣ ಜಾಲರಿ ಸಿಗುತ್ತೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ, ದೊಡ್ಡ ಖರ್ಚೇನಲ್ಲ, ಹಾಕೋಕೆ ಪ್ಲಂಬರೂ ಬೇಡ. ಹಳೇ ಫ್ಲಶ್ ಟ್ಯಾಂಕ್‌ಗಳು ಒಂದು ಸಲಕ್ಕೆ ಹತ್ತು ಲೀಟರಿಗೂ ಮೇಲೆ ಬಿಡ್ತವೆ, ಡ್ಯುಯಲ್ ಫ್ಲಶ್ ಆದ್ರೆ 3 ಮತ್ತು 6. ಈಗಲೇ ಎಲ್ಲ ಕಿತ್ತು ಹಾಕೋದು ಬೇಡ, ಕೆಟ್ಟಾಗ ಬದಲಾಯಿಸಿ, ಅಲ್ಲಿವರೆಗೆ ಟ್ಯಾಂಕ್ ಒಳಗೆ ನೀರು ತುಂಬಿದ ಒಂದು ಲೀಟರ್ ಬಾಟಲಿ ಇಡಿ, ಪ್ರತಿ ಸಲ ಒಂದು ಲೀಟರ್ ಉಳಿಯುತ್ತೆ. ಮತ್ತೆ ಬಕೆಟ್, ಮಗ್ಗು ಪ್ರತಿ ಬಚ್ಚಲಲ್ಲೂ ಇರ್ಲಿ. ನಮ್ಮ ಜನಕ್ಕೆ ಹಂಡೆ ನೀರಲ್ಲಿ ಬಕೆಟ್ ಸ್ನಾನ ಮಾಡೋದೇ ಖುಷಿ, ಹೋಟ್ಲು ಥರ ಕಾಣಲ್ಲ ಅಂತ ಬಕೆಟ್ ತೆಗೆದಿಡೋರನ್ನ ನೋಡಿದ್ರೆ ನನಗೆ ಬೇಜಾರಾಗುತ್ತೆ.

ಮೂರನೇದು ಮಳೆ ನೀರು. ಲೆಕ್ಕ ಸುಲಭ, ಒಂದು ಚದರ ಮೀಟರ್ ಮಾಡಿನ (ಛಾವಣಿಯ) ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್. 100 ಚದರ ಮೀಟರ್ ಮಾಡು, ವರ್ಷಕ್ಕೆ 2,500 ಮಿಲಿಮೀಟರ್ ಮಳೆ ಅಂತ ಇಟ್ಕೊಂಡ್ರೆ ಎರಡೂವರೆ ಲಕ್ಷ ಲೀಟರ್, ಪೋಲಾಗೋದು ಕಳೆದ್ರೂ ಎರಡು ಲಕ್ಷ. ಅಷ್ಟನ್ನೂ ಟ್ಯಾಂಕಲ್ಲಿ ಹಿಡಿದಿಡೋಕೆ ಆಗಲ್ಲ, ಹಿಡಿಬೇಕಾಗೂ ಇಲ್ಲ. ಮಾಡಿನ ಅಂಚಿಗೆ ದಂಬೆ (ನೀರು ಹಿಡಿಯೋ ಕಾಲುವೆ) ಹಾಕಿ, ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಟ್ಟು, ಜಲ್ಲಿ-ಮರಳು-ಇದ್ದಿಲಿನ ಫಿಲ್ಟರ್ ದಾಟಿಸಿ ಒಂದು ಟ್ಯಾಂಕ್ ತುಂಬ್ಸಿ. ಆ ನೀರಲ್ಲಿ ಮಳೆಗಾಲ ಪೂರ್ತಿ ಬಟ್ಟೆ ಒಗೆಯೋದು, ಫ್ಲಶ್ ಎಲ್ಲ ನಡೆಯುತ್ತೆ, ಮೋಟಾರ್ ಓಡೋದೂ ಕಮ್ಮಿ. ಮಿಕ್ಕಿದ್ದು ಇಂಗುಗುಂಡಿಗೆ. ಆದ್ರೆ ಕಡಿದಾದ ಇಳಿಜಾರಿನ ನೆತ್ತಿಯಲ್ಲಿ, ಬರೆ (ಕಡಿದಾದ ಮಣ್ಣಿನ ದಿಬ್ಬ) ಅಂಚಿನಲ್ಲಿ ಇಂಗುಗುಂಡಿ ತೋಡ್ಬೇಡಿ. ಅಲ್ಲಿ ನೀರು ಇಂಗಿಸೋದು ಒಳ್ಳೇದಲ್ಲ, ಮಣ್ಣು ನೆನೆದು ಜರಿಯುತ್ತೆ. ಸಮತಟ್ಟು ಜಾಗ, ಹಳೇ ಗದ್ದೆ ಅಂಚು ನೋಡ್ಕೊಳ್ಳಿ.

ಹಂತ 4: ನೀರು ಹೊರಗೆ ಹೋಗೋ ಕಡೆ (ಇದನ್ನ ಮಾತ್ರ ಬಿಡಬೇಡಿ)

ಅಡಿಗೆ ಮನೆ ನೀರು, ಬಚ್ಚಲು ನೀರು, ಟಾಯ್ಲೆಟ್ ನೀರು, ಮೂರೂ ಬೇರೆ ಬೇರೆ ಅಂತ ತಿಳ್ಕೊಳ್ಳಿ, ಮೂರಕ್ಕೂ ಬೇರೆ ಮದ್ದು.

ಅಡಿಗೆ ಮನೆ ನೀರಲ್ಲಿ ಎಣ್ಣೆ ಇರುತ್ತೆ. ಪಂದಿ ಕರಿ (ಹಂದಿ ಮಾಂಸದ ಸಾರು) ಮಾಡಿದ ಪಾತ್ರೆ ತೊಳೆದ ನೀರು ನೇರ ಮಣ್ಣಿಗೆ ಬಿಟ್ರೆ ಕೆಲವೇ ದಿನದಲ್ಲಿ ಮಣ್ಣು ಜಿಡ್ಡು ಕಟ್ಟಿ ನೀರು ಇಂಗೋದೇ ನಿಂತೋಗುತ್ತೆ, ವಾಸನೆ, ನೊಣ. ಇದಕ್ಕೆ ಎಣ್ಣೆ ತಡೆಯೋ ತೊಟ್ಟಿ ಬೇಕು. ಹೇಗೆ ಮಾಡೋದು ಅಂದ್ರೆ, ಮುಚ್ಚಳ ಇರೋ ನೂರು-ಇನ್ನೂರು ಲೀಟರಿನ ಡ್ರಮ್ ಒಂದನ್ನ ಸಿಂಕಿನ ಪೈಪ್ ಹೊರಗೆ ಬರೋ ಜಾಗದಲ್ಲಿ ನೆಲದಲ್ಲಿ ಹೂತು, ಒಳಗೆ ಬರೋ ಪೈಪನ್ನ ಮೇಲ್ಗಡೆ ಕೊಡಿ. ಹೊರಗೆ ಹೋಗೋ ಪೈಪಿಗೆ ಒಂದು ಟೀ (T ಆಕಾರದ ಪೈಪ್ ಜೋಡಣೆ) ಹಾಕಿ, ಅದರ ಕೆಳಗಿನ ಬಾಯಿಗೆ ಪೈಪ್ ಸೇರಿಸಿ ಡ್ರಮ್ಮಿನ ಅರ್ಧಕ್ಕಿಂತ ಕೆಳಗೆ ಮುಳುಗೋ ಹಾಗೆ ಬಿಡಿ. ಎಣ್ಣೆ ಮೇಲೆ ತೇಲುತ್ತೆ, ಅನ್ನದ ಅಗಳು ತಳಕ್ಕೆ ಕೂರುತ್ತೆ, ನಡುವಿನ ನೀರು ಮಾತ್ರ ಟೀ ಮೂಲಕ ಹೊರಗೆ ಹೋಗುತ್ತೆ. ಟೀನ ಮೇಲಿನ ಬಾಯಿ ಮುಚ್ಚಬೇಡಿ, ಗಾಳಿ ಆಡ್ಬೇಕು, ಕಡ್ಡಿ ಹಾಕಿ ಕ್ಲೀನ್ ಮಾಡೋಕೂ ಬೇಕು. ವಾರಕ್ಕೊಂದು ಸಲ ಮೇಲಿನ ಜಿಡ್ಡು ತೆಗೆದು ಬೂದಿ, ಒಣ ಎಲೆ ಜೊತೆ ಕಲಸಿ ಕಾಂಪೋಸ್ಟ್ ಗುಂಡಿಯಲ್ಲಿ ಹೂಳಿ. ಈ ವಾರದ ಕೆಲಸ ಯಾರದು ಅಂತ ಹೆಸರು ಹಾಕಿ ಗೋಡೆಗೆ ಅಂಟಿಸ್ಬೇಕು, ಇಲ್ಲಾಂದ್ರೆ ಎರಡು ತಿಂಗಳಲ್ಲಿ ಅದು ಗಬ್ಬು ನಾರೋ ಡ್ರಮ್ ಆಗಿ "ಇದೆಲ್ಲ ಆಗ್ಬರಲ್ಲ" ಅನ್ನೋ ಮಾತು ಶುರುವಾಗುತ್ತೆ.

ಬಚ್ಚಲು ನೀರು ಸುಲಭ. ನಮ್ಮ ಅಜ್ಜಿಯರು ಬಚ್ಚಲ ಹಿಂದೆ ಬಾಳೆ, ಕೆಸು ಹಾಕ್ತಿದ್ರಲ್ಲ, ಅದೇ. ಎರಡು ಮೂರು ಬಾಳೆ ಪಾತಿ ಮಾಡಿ, ತಳಕ್ಕೆ ಜಲ್ಲಿ ಹಾಕಿ, ಮೇಲೆ ತರಗೆಲೆ ಮುಚ್ಚಿ, ನೀರನ್ನ ದಿನ ಬಿಟ್ಟು ದಿನ ಒಂದೊಂದು ಪಾತಿಗೆ ತಿರುಗಿಸಿ. ಒಂದೇ ಕಡೆ ಬಿಟ್ರೆ ಕೆಸರಾಗಿ ಸೊಳ್ಳೆ ಏಳುತ್ತೆ. ರೂಮು ಜಾಸ್ತಿ ಇದ್ರೆ ಜಲ್ಲಿ ತುಂಬಿದ ಉದ್ದ ತೊಟ್ಟಿ ಕಟ್ಟಿಸಿ ಕಾಬಾಳೆ, ಜೊಂಡು ನೆಟ್ಟು ನೀರು ಅದರ ಬೇರಿನ ಮಧ್ಯೆ ನಿಧಾನ ಹರಿದು ಹೋಗೋ ಹಾಗೆ ಮಾಡ್ಬೋದು, ನೋಡೋಕೂ ಚೆಂದ. ಒಂದು ಎಚ್ಚರಿಕೆ, ಮಳೆಗಾಲದಲ್ಲಿ ಮಾಡಿನ ನೀರು ಈ ಪಾತಿಗೆ ಬರಲೇಬಾರ್ದು, ಬಂದ್ರೆ ಸೋಪಿನ ನೀರೆಲ್ಲ ಉಕ್ಕಿ ತೋಡಿಗೆ ಇಳಿಯುತ್ತೆ. ಎರಡಕ್ಕೂ ಬೇರೆ ಚರಂಡಿ.

ಟಾಯ್ಲೆಟ್ ವಿಷಯಕ್ಕೆ ಬಂದ್ರೆ, ಸುಮಾರು ಕಡೆ ಮನೆಗೆ ಅಂತ ಕಟ್ಟಿಸಿದ ಸೆಪ್ಟಿಕ್ ಟ್ಯಾಂಕಿಗೆ ಆಮೇಲೆ ಕಟ್ಟಿದ ಐದಾರು ರೂಮುಗಳನ್ನೂ ಜೋಡಿಸಿಬಿಟ್ಟಿರ್ತಾರೆ. ಲಾಂಗ್ ವೀಕೆಂಡಲ್ಲಿ ಅದು ತಡೆಯಲ್ಲ. ಟ್ಯಾಂಕ್ ಸೈಜ್ ಎಷ್ಟು, ಕೊನೇ ಸಲ ಯಾವಾಗ ಖಾಲಿ ಮಾಡಿಸಿದ್ದು, ಹೊರಗೆ ಬರೋ ನೀರು ಇಂಗುಗುಂಡಿಗಾ ತೋಡಿಗಾ, ಈ ಮೂರು ಪ್ರಶ್ನೆ ಕೇಳಿ. ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸ್ಲೇಬೇಕು, ಮಾಡಿಸುವಾಗ ಸಕ್ಕಿಂಗ್ ಗಾಡಿಯವರನ್ನ "ಎಲ್ಲಿ ಸುರೀತೀರಿ" ಅಂತ ಕೇಳಿ, ರಾತ್ರಿ ಹೋಗಿ ಹೊಳೆಗೆ ಬಿಡೋದಾದ್ರೆ ನೀವು ದುಡ್ಡು ಕೊಟ್ಟು ಹೊಳೆ ಕೆಡಿಸಿದ ಹಾಗೆ. ಈ ಟಾಯ್ಲೆಟ್ ನೀರಿನ ಇಂಗುಗುಂಡಿ ಬಾವಿಯಿಂದ ಕನಿಷ್ಠ 50 ಅಡಿ ದೂರ ಇರ್ಬೇಕು, ಬಾವಿಯ ಮೇಲ್ಭಾಗದಲ್ಲಂತೂ ಬೇಡ್ವೇ ಬೇಡ. ಜಂಬಿಟ್ಟಿಗೆ ಮಣ್ಣಲ್ಲಿ ನೀರು ಸಂದಿ ಹಿಡಿದು ನಾವು ಅಂದ್ಕೊಂಡಿದ್ದಕ್ಕಿಂತ ದೂರ ಹೋಗುತ್ತೆ. ಕಮೋಡಿಗೆ ದಿನಾ ಆಸಿಡ್, ಬ್ಲೀಚಿಂಗ್ ಸುರಿದ್ರೆ ಟ್ಯಾಂಕ್ ಒಳಗೆ ಕೊಳೆಸೋ ಸೂಕ್ಷ್ಮಜೀವಿಗಳು ಸತ್ತು ಹೋಗ್ತವೆ, ಟ್ಯಾಂಕ್ ಬೇಗ ತುಂಬುತ್ತೆ.

ಅದಕ್ಕೆ ಬದಲು ಬಯೋಎಂಜೈಮ್ (ಹಣ್ಣಿನ ಸಿಪ್ಪೆ ಹುಳಿಸಿ ಮಾಡೋ ಕ್ಲೀನರ್) ಮನೆಯಲ್ಲೇ ಮಾಡ್ಕೊಳ್ಳಿ, ಕೊಡಗಲ್ಲಿ ಕಿತ್ತಳೆ ಸಿಪ್ಪೆಗೆ ಬರ ಇಲ್ಲ. ಬೆಲ್ಲ ಒಂದು ಪಾಲು, ಸಿಪ್ಪೆ ಮೂರು ಪಾಲು, ನೀರು ಹತ್ತು ಪಾಲು. ಅಂದ್ರೆ 100 ಗ್ರಾಂ ಬೆಲ್ಲ, 300 ಗ್ರಾಂ ಸಿಪ್ಪೆ, ಒಂದು ಲೀಟರ್ ನೀರು. ಪ್ಲಾಸ್ಟಿಕ್ ಕ್ಯಾನಲ್ಲಿ ಮೇಲ್ಗಡೆ ಸ್ವಲ್ಪ ಜಾಗ ಬಿಟ್ಟು ಹಾಕಿ, ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ, ಮೂರು ತಿಂಗಳಿಗೆ ಸೋಸಿ. ನೆಲ ಒರೆಸೋಕೆ, ಬಾತ್‌ರೂಮ್ ತೊಳೆಯೋಕೆ ನೀರಿಗೆ ಬೆರೆಸಿ ಬಳಸಿ.

ಹಂತ 5: ಕುಡಿಯೋ ನೀರಿನ ಬಾಟಲಿ ನಿಲ್ಲಿಸಿ

ರೂಮಿಗೆ ದಿನಾ ಎರಡು ಬಾಟಲಿ ಇಟ್ರೆ ಐದು ರೂಮಿಗೆ ತಿಂಗಳಿಗೆ 300 ಖಾಲಿ ಬಾಟಲಿ. ಇದಕ್ಕೆ ಬದಲು ಸ್ಟೀಲ್ ಜಗ್ಗೋ ಗಾಜಿನ ಬಾಟಲಿಯೋ ಇಡಿ, ಊಟದ ಹಾಲಲ್ಲಿ ಫಿಲ್ಟರ್ ಇಡಿ. ಇಲ್ಲಿ ಸುಮಾರು ಜನ ಆರ್‌ಓ ಹಾಕಿಸ್ತಾರೆ, ಮಲೆನಾಡಿಗೆ ಅದು ಹೆಚ್ಚಿನ ಕಡೆ ಬೇಕಾಗಿಲ್ಲ. ಆರ್‌ಓ ಇರೋದು ಉಪ್ಪಿನಂಶ ಜಾಸ್ತಿ ಇರೋ ನೀರಿಗೆ, ಒಂದು ಲೀಟರ್ ಶುದ್ಧ ಮಾಡೋಕೆ ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತೆ. ನಮ್ಮ ಬಾವಿ ನೀರಲ್ಲಿ ಸಾಮಾನ್ಯವಾಗಿ ಉಪ್ಪಿನಂಶ ಕಮ್ಮಿ, ತೊಂದ್ರೆ ಇರೋದು ರೋಗಾಣು ಕಡೆಯಿಂದ, ಅದಕ್ಕೆ ಯುವಿ ಫಿಲ್ಟರ್ ಸಾಕು. ಟಿಡಿಎಸ್ ಮೀಟರಲ್ಲಿ (ನೀರಲ್ಲಿ ಕರಗಿರೋ ಉಪ್ಪಿನಂಶ ಅಳೆಯೋದು) ಒಂದು ಸಲ ನೋಡಿ ನಿರ್ಧಾರ ಮಾಡಿ. ಜಲ ಜೀವನ್ ಮಿಷನ್ ಕಡೆಯಿಂದ ಪಂಚಾಯಿತಿಗಳಿಗೆ ನೀರು ಪರೀಕ್ಷೆ ಮಾಡೋ ಕಿಟ್ ಕೊಟ್ಟಿದ್ದಾರೆ, ಪಿಡಿಓ ಅವರನ್ನ ಕೇಳಿ ನಿಮ್ಮ ಬಾವಿ ನೀರು ಟೆಸ್ಟ್ ಮಾಡಿಸಿ, ರಿಸಲ್ಟ್ ಫಿಲ್ಟರ್ ಪಕ್ಕದಲ್ಲೇ ಅಂಟಿಸಿ. ಗೆಸ್ಟ್ ಬಾಟಲಿ ಕೇಳೋದು ಭಯಕ್ಕೆ, ರಿಪೋರ್ಟ್ ಕಂಡ್ರೆ ಮುಕ್ಕಾಲು ಜನ ಕೇಳಲ್ಲ.

ಹಂತ 6: ಕಸ

ಹಸಿ ಕಸ ನಿಮ್ಮ ಜಾಗದಿಂದ ಹೊರಗೆ ಹೋಗಲೇಬಾರ್ದು. ತೋಟ ಇದೆ, ತರಗೆಲೆ ಇದೆ, ಕಾಫಿ ಸಿಪ್ಪೆ ಇದೆ, ಇನ್ನೇನು ಬೇಕು? ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಮೂರು ಬುಟ್ಟಿ ಒಣ ಎಲೆ, ಮೇಲೆ ಸ್ವಲ್ಪ ಸಗಣಿ ನೀರು, ವಾರಕ್ಕೊಮ್ಮೆ ತಿರುವಿ ಹಾಕೋದು. ವಾಸನೆ ಬಂದ್ರೆ ಎಲೆ ಕಮ್ಮಿ ಆಗಿದೆ ಅಂತ, ಬಿಸಿ ಏಳದೇ ಇದ್ರೆ ತೀರಾ ಒಣಗಿದೆ ಅಂತ. ಮಳೆಗಾಲಕ್ಕೆ ಶೀಟ್ ಹೊದಿಕೆ ಬೇಕೇಬೇಕು. ಹಂದಿ, ಮಂಗ, ನಾಯಿ ಬರದ ಹಾಗೆ ಮೆಶ್ ಹಾಕಿ. ಊಟ ಮಿಕ್ಕಿದ್ದನ್ನ ತೋಟದ ಅಂಚಿಗೆ ಎಸೆಯೋ ಅಭ್ಯಾಸದಿಂದ ಕಾಡುಪ್ರಾಣಿ ಮನೆ ಹತ್ರ ಬರೋದು ಕಲೀತವೆ, ಆಮೇಲೆ ಗೋಳು ಲೈನ್ ಮನೆಯಲ್ಲಿರೋ ತೋಟದ ಕೆಲಸದವರಿಗೆ.

ಒಣ ಕಸ ಸುಡಬೇಡಿ, ಹೂಳಬೇಡಿ. ಈಗ ಗ್ರಾಮ ಪಂಚಾಯಿತಿಗಳಲ್ಲಿ ಸ್ವಚ್ಛ ಸಂಕೀರ್ಣ ಅಂತ ಒಣ ಕಸ ಬೇರ್ಪಡಿಸೋ ಘಟಕ ಇವೆ, ಸುಮಾರು ಕಡೆ ಸಂಜೀವಿನಿ ಸ್ವಸಹಾಯ ಸಂಘಗಳ ಒಕ್ಕೂಟದ ಹೆಣ್ಮಕ್ಕಳೇ ಸ್ವಚ್ಛವಾಹಿನಿ ಗಾಡಿ ಓಡಿಸ್ಕೊಂಡು ಬರ್ತಾರೆ. ನಿಮ್ಮ ಎಸ್ಟೇಟ್ ರೋಡಿಗೆ ಗಾಡಿ ಬರದೇ ಇದ್ರೆ ಅಕ್ಕಪಕ್ಕದ ನಾಲ್ಕೈದು ಹೋಮ್‌ಸ್ಟೇಯವರು ಸೇರಿ ಪಂಚಾಯಿತಿಗೆ ಅರ್ಜಿ ಕೊಡಿ, ಮೇನ್ ರೋಡಲ್ಲಿ ಒಂದು ಜಾಗ, ವಾರಕ್ಕೆ ಒಂದು ದಿನ ಗೊತ್ತು ಮಾಡ್ಕೊಳ್ಳಿ. ಅವರು ಕೇಳೋ ಶುಲ್ಕಕ್ಕೆ ಚೌಕಾಸಿ ಮಾಡಬೇಡಿ. ನಮ್ಮ ಗೆಸ್ಟ್ ಬಿಟ್ಟು ಹೋದ ಕೊಳೆಯನ್ನ ಕೈಯಲ್ಲಿ ಬೇರ್ಪಡಿಸೋದು ಆ ಹೆಣ್ಮಕ್ಕಳು, ಹಾಗಾಗಿ ಕವರು, ಡಬ್ಬ ತೊಳೆದು ಒಣಗಿಸಿ ಕೊಡೋದು ನಾವು ಮಾಡ್ಬೇಕಾದ ಕನಿಷ್ಠ ಮರ್ಯಾದೆ. ಸ್ಯಾನಿಟರಿ ಪ್ಯಾಡು, ಡೈಪರ್‌ಗೆ ಪ್ರತಿ ಬಾತ್‌ರೂಮಲ್ಲಿ ಪೇಪರ್ ಕವರು ಮತ್ತೆ ಮುಚ್ಚಳ ಇರೋ ಬುಟ್ಟಿ ಇಡಿ, ಇಡದೇ ಇದ್ರೆ ಅದು ಕಮೋಡಿಗೇ ಹೋಗೋದು.

2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ, ಚಮಚ, ತಟ್ಟೆ, ಲೋಟ ಎಲ್ಲ ದೇಶಾದ್ಯಂತ ನಿಷೇಧ, ಹಾಗಾಗಿ ಬರ್ತ್‌ಡೇ ಪಾರ್ಟಿಗೆ ಅಂತ ಗೆಸ್ಟ್ ತಂದ್ರೂ ನಯವಾಗಿ ಬೇಡ ಅನ್ನಿ. ತಟ್ಟೆ ಅಂದ್ರೆ ಸ್ಟೀಲು, ಹಬ್ಬ-ಗುಂಪು ಅಂದ್ರೆ ಬಾಳೆ ಎಲೆ.

ಕೊನೇದು ಮದ್ಯದ ಬಾಟಲಿ. ವ್ಯೂ ಪಾಯಿಂಟಲ್ಲಿ ಒಡೆದು ಬಿದ್ದಿರೋ ಗಾಜು ಆನೆ ಕಾಲಿಗೆ ಹೊಕ್ಕರೆ ಅದು ನರಳಿ ನರಳಿ ಸತ್ತೂ ಹೋಗ್ಬಹುದು. ನೀಲಗಿರಿ ಜಿಲ್ಲೆಯಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ 2022ರಿಂದ ಬಾಟಲಿ ಮೇಲೆ 10 ರೂಪಾಯಿ ಹೆಚ್ಚಿಗೆ ತಗೊಂಡು, ಖಾಲಿ ಬಾಟಲಿ ವಾಪಸ್ ತಂದ್ರೆ ಕೊಡೋ ಪದ್ಧತಿ ಮಾಡಿದ್ರು. ಇದನ್ನ ಹೋಮ್‌ಸ್ಟೇ ಮಟ್ಟದಲ್ಲಿ ಮಾಡೋದು ಕಷ್ಟ ಇಲ್ಲ. ಗುಂಪಾಗಿ ಬರೋರ ಹತ್ರ ಸ್ವಲ್ಪ ಡೆಪಾಸಿಟ್ ಇಟ್ಕೊಳ್ಳಿ, ಹೋಗುವಾಗ ಬಾಟಲಿ ಎಣಿಸಿ ವಾಪಸ್ ಕೊಡಿ, ಬಾಟಲಿ ಗುಜರಿಯವರಿಗೆ.

ಹಂತ 7: ಬಿಸಿನೀರು, ಕರೆಂಟು

ಹೋಮ್‌ಸ್ಟೇಯಲ್ಲಿ ಕರೆಂಟ್ ಜಾಸ್ತಿ ತಿನ್ನೋದು ಗೀಸರು. ಸೋಲಾರ್ ವಾಟರ್ ಹೀಟರ್ ಒಳ್ಳೇದು, ಆದ್ರೆ ಜೂನಿಂದ ಆಗಸ್ಟ್‌ವರೆಗೆ ಮಲೆನಾಡಲ್ಲಿ ಸೂರ್ಯನ ಮುಖ ನೋಡೋದೇ ಅಪರೂಪ. ಅದಕ್ಕೆ ಸೋಲಾರ್ ಜೊತೆ ಹಂಡೆ ಒಲೆ ಇಟ್ಕೊಳ್ಳೋದು ನನ್ನ ಪ್ರಕಾರ ಸರಿಯಾದ ಜೋಡಿ. ಸೌದೆ ಕಾಡಿಂದ ಅಲ್ಲ, ತೋಟದ ಗಿಡ ಸವರಿದಾಗ ಬರೋ ರೆಂಬೆ, ಅಡಿಕೆ ಸಿಪ್ಪೆ, ತೆಂಗಿನ ಚಿಪ್ಪು. ಒಲೆ ಮಾತ್ರ ಹೊಗೆ ಕೊಳವೆ ಇರೋ ಸುಧಾರಿತ ಒಲೆ ಆಗಿರ್ಲಿ, ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ (ಹಳ್ಳಿಗೆ ಹೊಂದೋ ತಂತ್ರಜ್ಞಾನದ) ಕೇಂದ್ರದವರು ಕಡಿಮೆ ಸೌದೆಯ ಒಲೆಗಳ ಮೇಲೆ ಕೆಲಸ ಮಾಡಿ ಹಳ್ಳಿ ಹಳ್ಳಿಗೆ ಮುಟ್ಟಿಸಿದ್ರು, ಹಳೇ ಮೇಸ್ತ್ರಿಗಳನ್ನ ಕೇಳಿದ್ರೆ ಅಸ್ತ್ರ ಒಲೆ ಕಟ್ಟೋರು ಈಗಲೂ ಸಿಗಬಹುದು.

ಮಾಮೂಲಿ ಸೀಲಿಂಗ್ ಫ್ಯಾನ್ 70-75 ವ್ಯಾಟ್ ಎಳೆಯುತ್ತೆ, ಕಡಿಮೆ ಕರೆಂಟಿನ ಬಿಎಲ್‌ಡಿಸಿ ಮೋಟಾರ್ ಫ್ಯಾನ್ 30ರ ಆಸುಪಾಸು. ಎಸಿ ಇಲ್ಲಿ ಬೇಡ್ವೇ ಬೇಡ ಅನ್ನೋದು ನನ್ನ ಅಭಿಪ್ರಾಯ, ಇದ್ರೆ 24 ಡಿಗ್ರಿಗೆ ಇಡಿ, ಒಂದೊಂದು ಡಿಗ್ರಿ ಏರಿಸಿದ್ರೂ ಶೇಕಡಾ 6ರಷ್ಟು ಕರೆಂಟ್ ಉಳಿಯುತ್ತೆ ಅಂತ ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಹೇಳುತ್ತೆ. ರೂಫ್‌ಟಾಪ್ ಸೋಲಾರ್‌ಗೆ 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟು 78,000 ರೂಪಾಯಿ ಸಬ್ಸಿಡಿ ಇದೆ, ಆದ್ರೆ ಅದು ಮನೆ ಕನೆಕ್ಷನ್‌ಗೆ, ನಿಮ್ಮದು ಕಮರ್ಷಿಯಲ್ ಆಗಿದ್ರೆ ಸಿಗಲ್ಲ. ಕೊಡಗು, ಹಾಸನದೋರು ಚೆಸ್ಕಾಂ, ಚಿಕ್ಕಮಗಳೂರು, ಶಿವಮೊಗ್ಗದೋರು ಮೆಸ್ಕಾಂ ಆಫೀಸಲ್ಲಿ ಮೊದಲೇ ಕೇಳ್ಕೊಳ್ಳಿ.

ಬೆಡ್‌ಶೀಟ್, ಟವೆಲ್ ದಿನಾ ಬದಲಾಯಿಸೋದು ನಿಲ್ಲಿಸಿ, ಕೇಳಿದ್ರೆ ಮಾತ್ರ ಅಥವಾ ಮೂರು ದಿನಕ್ಕೊಮ್ಮೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸೋದೇ ದೊಡ್ಡ ಕಷ್ಟ, ಡ್ರೈಯರ್ ಹಾಕಿದ್ರೆ ಕರೆಂಟ್ ಬಿಲ್ ಏರುತ್ತೆ. ಕಾಫಿ ಒಣಗಿಸೋ ಕಣಕ್ಕೆ ಪಾಲಿಹೌಸ್ ಥರ ಶೀಟ್ ಹೊದಿಸಿರೋರು ಮಳೆಗಾಲದಲ್ಲಿ ಅದರೊಳಗೇ ಹಗ್ಗ ಕಟ್ಟಿ ಒಣಗಿಸ್ಬಹುದು, ಇಲ್ಲಾ ಹಂಡೆ ಒಲೆಯ ಬೆಚ್ಚಗಿನ ಅಟ್ಟ ಇದ್ದೇ ಇದೆ.

ನಾಲ್ಕೈದು ದನ ಇರೋರು ಗೋಬರ್ ಗ್ಯಾಸ್ ಬಿಡಬೇಡಿ. ದಿನಕ್ಕೆ 50 ಕೆಜಿ ಸಗಣಿ ಇದ್ರೆ 2 ಘನ ಮೀಟರ್ ಗ್ಯಾಸ್ ಬರುತ್ತೆ, ಹೆಚ್ಚುಕಮ್ಮಿ 800 ಗ್ರಾಂ ಎಲ್‌ಪಿಜಿಗೆ ಸಮ. ಬೆಳಗಿನ ತಿಂಡಿ, ಕಾಫಿ ಅದರಲ್ಲೇ ಮುಗಿಯುತ್ತೆ, ಸ್ಲರಿ ತೋಟಕ್ಕೆ.

ಹಂತ 8: ಅಡಿಗೆ

ಬೆಳಗ್ಗೆ ಬಫೆಗೆ ಬ್ರೆಡ್ಡು, ಕಾರ್ನ್‌ಫ್ಲೇಕ್ಸು, ಪೊಟ್ಟಣದ ಜಾಮು ಯಾಕೆ ಮಾರಾಯ್ರೆ? ಬೆಂಗಳೂರಿನೋರು ಅದನ್ನ ಮನೆಯಲ್ಲೇ ತಿಂತಾರೆ. ಅಕ್ಕಿ ರೊಟ್ಟಿ, ಕಡಂಬುಟ್ಟು, ನೂಲ್‌ಪುಟ್ಟು, ಮಳೆಗಾಲಕ್ಕೆ ಪತ್ರೊಡೆ, ತೋಟದ ಜೇನು. ಹಿಂದಿನ ರಾತ್ರಿಯೇ ಎಷ್ಟು ಜನ, ಯಾರು ಏನು ತಿಂತಾರೆ ಅಂತ ಕೇಳಿ ಬರ್ಕೊಂಡ್ರೆ ಬಿಸಾಕೋದು ತುಂಬಾ ಕಮ್ಮಿ ಆಗುತ್ತೆ. ತಟ್ಟೆಯಲ್ಲಿ ಬಿಟ್ಟಿದ್ದನ್ನ ಒಂದು ಬಕೆಟಿಗೆ ಹಾಕಿ ತೂಕ ಮಾಡಿ, ಯಾವ ಪದಾರ್ಥ ಜಾಸ್ತಿ ವಾಪಸ್ ಬರುತ್ತೋ ಅದರ ಅಳತೆ ಇಳಿಸಿ.

ತರಕಾರಿ, ಮೊಟ್ಟೆ, ಹಾಲು ಊರಲ್ಲೇ ತಗೊಳ್ಳಿ. ಕೇರಳದ ಕುಮರಕೋಮ್‌ನಲ್ಲಿ 2008ರ ಹೊತ್ತಿಗೆ ರೆಸ್ಪಾನ್ಸಿಬಲ್ ಟೂರಿಸಂ ಅಂತ ಶುರು ಮಾಡಿದಾಗ ಮುಖ್ಯವಾಗಿ ಮಾಡಿದ್ದೇ ಇದು, ಊರಿನ ರೈತರು, ಮಹಿಳಾ ಗುಂಪುಗಳು ಬೆಳೆದಿದ್ದನ್ನ ಹೋಟೆಲ್‌ಗಳು ಕೊಳ್ಳೋ ಹಾಗೆ ವ್ಯವಸ್ಥೆ ಕಟ್ಟಿದ್ದು. ರೇಟು ಮೊದಲೇ ಮಾತಾಡಿ, ಆಫ್ ಸೀಸನ್‌ನಲ್ಲೂ ಸ್ವಲ್ಪ ತಗೊಳ್ತೀವಿ ಅಂತ ಭರವಸೆ ಕೊಟ್ರೆ ಮಾತ್ರ ಇದು ನಿಲ್ಲುತ್ತೆ. ಒಂದೇ ತಿಂಗಳು ತಗೊಂಡು ಆಮೇಲೆ ಮೈಸೂರಿಂದ ಲೋಡ್ ತರಿಸಿದ್ರೆ ಯಾರೂ ನಿಮಗೋಸ್ಕರ ಬೀನ್ಸ್ ಹಾಕಲ್ಲ.

ಕಾಡುಹಂದಿ ಮಾಂಸ ಬೇಕು ಅಂತ ಕೇಳೋ ಗೆಸ್ಟ್ ಇರ್ತಾರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಖಡಾಖಂಡಿತವಾಗಿ ಇಲ್ಲ ಅನ್ನಿ. ಸಾಕಿದ ಹಂದಿಯ ಪಂದಿ ಕರಿಗೆ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಕೊಡಿ, ಅದಕ್ಕಿಂತ ಇನ್ನೇನು ಬೇಕು.

ಹಂತ 9: ಗುಡ್ಡ, ಬೆಂಕಿ, ಬೆಳಕು, ಶಬ್ದ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಿದ್ದು ಯಾರೂ ಮರೆತಿಲ್ಲ. ಜಿಯಾಲಜಿಕಲ್ ಸರ್ವೆಯವರು ಅತಿಯಾದ ಮಳೆ ಜೊತೆಗೆ ಇಳಿಜಾರನ್ನ ಕಡಿದು ಬದಲಾಯಿಸಿದ್ದನ್ನೂ ಕಾರಣ ಅಂತ ತೋರಿಸಿದ್ರು. ವ್ಯೂ ಬೇಕು ಅಂತ ಜೆಸಿಬಿ ತಂದು ಬರೆ ಕಡಿದು ಕಾಟೇಜ್ ಕಟ್ಟೋ ಪ್ಲಾನ್ ಇದ್ರೆ ಅಲ್ಲೇ ನಿಲ್ಸಿ. ಮಿಕ್ಕ ಎಲ್ಲ ಹಂತ ಮಾಡಿ ಇದೊಂದು ತಪ್ಪಿದ್ರೂ ಕೆಳಗಿನ ಮನೆಯವರ ಜೀವಕ್ಕೆ ಬರುತ್ತೆ. ಸ್ವಿಮ್ಮಿಂಗ್ ಪೂಲ್ ಬಗ್ಗೆಯೂ ಅದೇ ಮಾತು, 8 ಮೀಟರ್ ಉದ್ದ, 4 ಮೀಟರ್ ಅಗಲ, ಒಂದೂಕಾಲು ಮೀಟರ್ ಆಳದ ಸಣ್ಣ ಪೂಲಲ್ಲೇ 40,000 ಲೀಟರ್ ನೀರು, ಅಂದ್ರೆ 40 ಟನ್ ಭಾರ ಇಳಿಜಾರಿನ ಮೇಲೆ ಕೂತ ಹಾಗೆ.

ಕ್ಯಾಂಪ್‌ಫೈರ್ ಜನವರಿಯಿಂದ ಹೂಮಳೆ ಬರೋವರೆಗೆ ಬೇಡ, ಆಮೇಲೂ ನೆಲದ ಮೇಲಲ್ಲ, ಕಬ್ಬಿಣದ ಬಾಂಡ್ಲಿಯಲ್ಲಿ, ಪಕ್ಕದಲ್ಲಿ ಎರಡು ಕೊಡ ನೀರಿಟ್ಕೊಂಡು. ಮೇ-ಜೂನಲ್ಲಿ ಮೊದಲ ಮಳೆ ಹೊತ್ತಿಗೆ ಮಿಂಚುಹುಳ ಮರ ತುಂಬಾ ಮಿನುಗ್ತವೆ, ಅವು ಜೊತೆ ಹುಡ್ಕೋದೇ ಬೆಳಕಿನಿಂದ, ನಮ್ಮ ಫ್ಲಡ್ ಲೈಟ್ ಇದ್ರೆ ಅವಕ್ಕೆ ದಾರಿ ತಪ್ಪುತ್ತೆ. ಹೊರಗಿನ ಲೈಟು ಹಳದಿ ಬಣ್ಣದ್ದು, ಕೆಳಮುಖ, ಹತ್ತು ಗಂಟೆಗೆ ಆಫ್. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಸ್ಪೀಕರ್ ಹಾಕೋದು ಕಾನೂನೇ ಬಿಡಲ್ಲ. ಮಾಂದಲಪಟ್ಟಿ ಥರದ ಜಾಗಕ್ಕೆ ಜೀಪ್ ಕಳಿಸುವಾಗ ಹುಲ್ಲಿನ ಮೇಲೆ ಹತ್ತಿಸಬೇಡ ಅಂತ ಡ್ರೈವರ್‌ಗೆ ನೀವೇ ಹೇಳ್ಬೇಕು, ಕುಮಾರ ಪರ್ವತಕ್ಕೆ ಹೋಗೋರಿಗೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಅಂತ ಮೊದಲೇ ತಿಳಿಸಿ.

ಹಂತ 10: ಗೆಸ್ಟಿಗೆ ಹೇಳೋದು ಯಾವಾಗ, ಹೇಗೆ

ಬಂದಿಳಿದ ಮೇಲೆ ರೂಲ್ಸ್ ಹೇಳಿದ್ರೆ ಜಗಳ, ಬುಕಿಂಗ್ ಆದ ದಿನವೇ ವಾಟ್ಸಾಪಲ್ಲಿ ಹೇಳಿದ್ರೆ ಖುಷಿಯಿಂದ ಒಪ್ಪುತ್ತಾರೆ. ಒಂದು ಮೆಸೇಜ್ ಬರ್ದಿಟ್ಕೊಳ್ಳಿ, ಹೀಗೆ:

"ನಮಸ್ಕಾರ, ನಿಮ್ಮ ಬುಕಿಂಗ್ ಆಗಿದೆ. ನಮ್ಮ ಬಾವಿ ನೀರು ಟೆಸ್ಟ್ ಮಾಡಿಸಿದ್ದೀವಿ, ಫಿಲ್ಟರ್ ಇದೆ, ದಯವಿಟ್ಟು ನಿಮ್ಮ ಬಾಟಲಿ ತನ್ನಿ, ನಾವು ಪ್ಲಾಸ್ಟಿಕ್ ಬಾಟಲಿ ಕೊಡಲ್ಲ. ಬಿಸಿನೀರು ಬೆಳಗ್ಗೆ 6ರಿಂದ 9, ಸಂಜೆ 6ರಿಂದ 8. ರಾತ್ರಿ ಹತ್ತಕ್ಕೆ ಮ್ಯೂಸಿಕ್ ನಿಲ್ಲಿಸ್ತೀವಿ. ನೀವು ತರೋ ಪ್ಯಾಕೆಟ್, ಬಾಟಲಿ ಇಲ್ಲೇ ಕೊಡಿ, ನಾವು ಬೇರ್ಪಡಿಸಿ ಪಂಚಾಯಿತಿ ಗಾಡಿಗೆ ಕೊಡ್ತೀವಿ. ಊಟಕ್ಕೆ ಎಷ್ಟು ಜನ ಅಂತ ಬರೋ ಹಿಂದಿನ ದಿನ ಸಂಜೆ ಒಳಗೆ ತಿಳಿಸಿ. ಬಸ್ಸಲ್ಲಿ ಬರೋದಾದ್ರೆ ಬಸ್ ಸ್ಟ್ಯಾಂಡಿಂದ ನಾವೇ ಕರ್ಕೊಂಡು ಬರ್ತೀವಿ."

ಕೊನೇ ಸಾಲು ಮುಖ್ಯ. ಕೊಡಗಿಗೆ ರೈಲಿಲ್ಲ, ಹಾಗಾಗಿ ಎಲ್ಲರೂ ಕಾರೇ ತರ್ತಾರೆ. ಮಡಿಕೇರಿಗೆ ಕೆಎಸ್‌ಆರ್‌ಟಿಸಿ ಬಸ್ಸು ಬೇಕಾದಷ್ಟಿವೆ, ಪಿಕಪ್ ಗ್ಯಾರಂಟಿ ಇದ್ರೆ ಕೆಲವರಾದ್ರೂ ಬಸ್ ಹತ್ತುತ್ತಾರೆ.

ಹಂತ 11: ಬೋರ್ಡು, ಸರ್ಟಿಫಿಕೇಟು

ಇಷ್ಟೆಲ್ಲ ಮಾಡಿದ ಮೇಲೆ ಹೇಳ್ಕೊಳ್ಳೋದರಲ್ಲಿ ತಪ್ಪಿಲ್ಲ, ಆದ್ರೆ ಮಾಡಿದ್ದನ್ನ ಮಾತ್ರ ಹೇಳಿ. "100% ಇಕೋ ಫ್ರೆಂಡ್ಲಿ" ಅಂತ ಹಾಕ್ಬೇಡಿ, 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ ಆಧಾರ ಇಲ್ಲದ ಹಸಿರು ಜಾಹೀರಾತಿನ ವಿರುದ್ಧ ಮಾರ್ಗಸೂಚಿಯನ್ನೇ ತಂದಿದೆ. ಬುಕಿಂಗ್ ಡಾಟ್ ಕಾಮ್ ಕೂಡ ತನ್ನ ಸ್ವಂತ ಹಸಿರು ಎಲೆ ಬ್ಯಾಡ್ಜನ್ನ 2024ರಲ್ಲಿ ಕೈಬಿಟ್ಟು, ಬೇರೆ ಸಂಸ್ಥೆ ಕೊಟ್ಟ ಸರ್ಟಿಫಿಕೇಟ್ ಮಾತ್ರ ತೋರಿಸೋಕೆ ಶುರು ಮಾಡ್ತು. "ಬಚ್ಚಲು ನೀರು ಬಾಳೆ ತೋಟಕ್ಕೆ ಹೋಗುತ್ತೆ, ಪ್ಲಾಸ್ಟಿಕ್ ಬಾಟಲಿ ಇಲ್ಲ, ತರಕಾರಿ ನಮ್ಮೂರಿಂದು", ಹೀಗೆ ಬರೆದ್ರೆ ಯಾರು ಬೇಕಾದ್ರೂ ಬಂದು ನೋಡ್ಬಹುದು. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಟ್ರಾವೆಲ್ ಫಾರ್ ಲೈಫ್ ಅನ್ನೋ ಪರಿಸರಸ್ನೇಹಿ ಪ್ರವಾಸದ ಕಾರ್ಯಕ್ರಮ 2023ರಲ್ಲಿ ಶುರುವಾಗಿದೆ, ಸಣ್ಣ ಜಾಗದೋರು ಮೊದಲು ಅದನ್ನ ನೋಡಿ, ದುಬಾರಿ ಸರ್ಟಿಫಿಕೇಟ್‌ಗೆ ಕೈ ಹಾಕೋದು ಆಮೇಲೆ. ರಾಜ್ಯ ಪ್ರವಾಸೋದ್ಯಮ ಇಲಾಖೆ ನೋಂದಣಿ, ಪಂಚಾಯಿತಿ ಲೈಸೆನ್ಸ್ ಇಲ್ಲದೆ ಹಸಿರು ಬ್ಯಾಡ್ಜ್ ಹುಡುಕೋದ್ರಲ್ಲಿ ಅರ್ಥ ಇಲ್ಲ, ರೂಮು ಜಾಸ್ತಿ ಇರೋರು ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್ (ಒಪ್ಪಿಗೆ ಪತ್ರ) ಬೇಕಾ ಅಂತ ಕೇಳ್ಕೊಳ್ಳಿ.

ಯಾವ ತಿಂಗಳು ಯಾವ ಕೆಲಸ

ನವೆಂಬರಿಂದ ಜನವರಿ ಕಾಫಿ ಕೊಯ್ಲು, ಆಳು ಸಿಗಲ್ಲ, ಆಗ ನೋಟ್‌ಬುಕ್ ಕಟ್ಟೋದು, ವಾಟ್ಸಾಪ್ ಮೆಸೇಜು, ಬಾಟಲಿ ನಿಲ್ಲಿಸೋದು, ಕೂತಲ್ಲೇ ಆಗೋ ಕೆಲಸ ಮಾತ್ರ ಇಟ್ಕೊಳ್ಳಿ. ಫೆಬ್ರವರಿ-ಮಾರ್ಚಲ್ಲಿ ನೀರಿನ ಅಳತೆ, ಸೋರಿಕೆ, ಶವರ್ ಹೆಡ್ಡು, ಯಾಕಂದ್ರೆ ಆಗ ಎಲ್ಲರಿಗೂ ನೀರಿನ ಬೆಲೆ ಗೊತ್ತಿರುತ್ತೆ, ಮಾಲೀಕರು ಬೇಗ ಒಪ್ಪುತ್ತಾರೆ. ಏಪ್ರಿಲ್-ಮೇ ಮಣ್ಣಿನ ಕೆಲಸ: ಎಣ್ಣೆ ತೊಟ್ಟಿ, ಬಾಳೆ ಪಾತಿ, ದಂಬೆ, ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸೋದು, ಕಾಂಪೋಸ್ಟಿಗೆ ಶೀಟು. ಮೇ ಮೂರನೇ ವಾರ ದಾಟಿದ್ರೆ ಮಣ್ಣು ಮುಟ್ಟೋಕೆ ಹೋಗ್ಬೇಡಿ, ಮಳೆ ಹಿಡಿದ್ರೆ ತೋಡಿದ ಗುಂಡಿ ಮುಚ್ಚೋಕೂ ಆಗಲ್ಲ, ಮಿಕ್ಕಿದ್ದನ್ನ ಮುಂದಿನ ವರ್ಷಕ್ಕೆ ಬರೆದಿಡಿ. ಜೂನ್‌ನಿಂದ ಗೆಸ್ಟ್ ಕಮ್ಮಿ ಇರುವಾಗ ಅಡಿಗೆಯವರು, ಕ್ಲೀನಿಂಗ್‌ನೋರ ಜೊತೆ ಕೂತು ಯಾರ ಕೆಲಸ ಯಾವುದು ಅಂತ ಪಟ್ಟಿ ಮಾಡಿ, ಮಳೆಯಲ್ಲೇ ಕೊಡೆ ಹಿಡ್ಕೊಂಡು ಹಿಂಭಾಗಕ್ಕೆ ಹೋಗಿ ಯಾವ ಚರಂಡಿ ನೀರು ಎಲ್ಲಿಗೆ ಹರೀತಾ ಇದೆ ಅಂತ ನೋಡ್ಕೊಂಡು ಬನ್ನಿ, ಬೇಸಿಗೆಯಲ್ಲಿ ಮಾಡಿದ ಕೆಲಸದಲ್ಲಿ ಎಲ್ಲಿ ತಪ್ಪಿದೆ ಅಂತ ಆಗ ತೋರುತ್ತೆ.